ಏಳು

ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ
ಸಾಲದ ಮೇಜಿನ ಹಿಂದೆ ಕೂತವಳು ನಾನು.
ಕೊಟ್ಟದ್ದು ಮರಳಿ ಬಂದ ದಿನ
ಮನೆಗೆ ಹೋಗುವಾಗ ಅರ್ಧ ಕಿಲೋ ಬಂಗುಡೆ ಹೆಚ್ಚಿಗೆ ಕೊಳ್ಳುತ್ತಿದ್ದೆ.

ಈಗ ಅತ್ತಾವರದಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ
ಟ್ರಸ್ಟಿನ ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿ.
ಗಾಲಿಕುರ್ಚಿ ಹನ್ನೊಂದು, ವಾಕರು ಒಂಬತ್ತು,
ನೀರಿನ ಹಾಸಿಗೆ ನಾಲ್ಕು, ಒಂದು ಸೋರುತ್ತದೆ,
ಆಕ್ಸಿಜನ್ ಯಂತ್ರ ಎರಡು.
ಠೇವಣಿ ಇನ್ನೂರು. ಬಡ್ಡಿ ಇಲ್ಲ. ಜಾಮೀನು ಕೇಳುವುದಿಲ್ಲ.

ಇಲ್ಲಿ
ಕೊಟ್ಟದ್ದು ಮರಳಿ ಬಂದರೆ ಎದೆ ಧಸಕ್ಕೆನ್ನುತ್ತದೆ.
ತಂದವರ ಮುಖ ನೋಡುವುದಿಲ್ಲ, ಕೈ ನೋಡುತ್ತೇನೆ:
ಸಿಹಿಯ ಪೊಟ್ಟಣವೊ, ಬರಿಗೈಯೊ.
"ಎಂಚ ಉಲ್ಲೆರ್?" ಎಂದು ಕೇಳಿದ ನಾಲಗೆ
ಒಮ್ಮೆ ಸುಟ್ಟುಕೊಂಡಿದೆ. ಈಗ ಕೇಳುವುದು ಇಷ್ಟೆ:
"ರಸೀದಿ ತಂದಿದ್ದೀರಾ?"
ತೊಳೆದೇ ತರುತ್ತಾರೆ ಹೆಚ್ಚಿನವರು.
ಡೆಟಾಲಿನ ಕೆಳಗೆ ಇನ್ನೊಂದು ವಾಸನೆ
ಎರಡು ದಿನ ಕೋಣೆಯಲ್ಲೇ ಉಳಿಯುತ್ತದೆ,
ಯಾರದೋ ತಲೆಯೆಣ್ಣೆ.

ಬೈಕಂಪಾಡಿಯ ಕಂಪೆನಿಯೊಂದು ನಮಗೆ ವರ್ಷಕ್ಕಿಷ್ಟೆಂದು ಕೊಡುತ್ತದೆ.
ಮಾರ್ಚಿನಲ್ಲಿ ಅಲ್ಲಿಂದೊಬ್ಬ ಹುಡುಗ, ಪ್ರೀತೇಶ, ಒಳ್ಳೆಯವನೆ,
ಬೆವರೊರೆಸುತ್ತ ಫಾರಂ ತುಂಬಿಸಿದ.
ಫಲಾನುಭವಿಗಳು ಎಷ್ಟು? ಬದಲಾದ ಬದುಕು ಎಷ್ಟು?
ಫೋಟೊ ಇದೆಯಾ ಮೇಡಂ, ಮೊದಲಿನದು, ಆಮೇಲಿನದು?
ಆಮೇಲಿನದು ಕೆಲವರದು ಗೋಡೆಯ ಮೇಲಿದೆ ಮಗಾ, ಎಂದೆ,
ಹಾರ ಹಾಕಿದ್ದಾರೆ.
ಅವನು ಟೈಪು ಮಾಡುವುದನ್ನು ನಿಲ್ಲಿಸಿದ.
ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
ಆಮೇಲೆ: ಈ ಏಳನೇ ನಂಬರಿನ ಕುರ್ಚಿ?
ಮೂರು ವರ್ಷ ಆಯಿತಲ್ಲ. ರೈಟಾಫ್ ಮಾಡಿಬಿಡಿ.

ಆ ಮಾತನ್ನು ನನಗೆ ಕಲಿಸಬೇಕೆ?

ಭಾನುವಾರ ಇಗರ್ಜಿ ಬಿಟ್ಟ ಮೇಲೆ ಸುಲ್ತಾನ್ ಬತ್ತೇರಿಗೆ ಹೋದೆ.
ಫೆರಿಯಲ್ಲಿ ಆರು ಬೈಕು, ಐಸಿನ ಪೆಟ್ಟಿಗೆ, ನಾನು.
ರಿಜಿಸ್ಟರಿನಲ್ಲಿ ಸಹಿ ಹಾಕಿದ ಜಲಜಕ್ಕ
ತೋಟ ಬೆಂಗ್ರೆಯ ಜಗಲಿಯಲ್ಲೇ ಇದ್ದಳು,
ಸಿಗಡಿ ಸುಲಿಯುತ್ತ. ಕೈ ನಿಲ್ಲಿಸಲಿಲ್ಲ.
"ಇವರು ಹೋದದ್ದು ಆ ಮಳೆಗಾಲದಲ್ಲೇ ಬಾಯಮ್ಮ.
ಕುರ್ಚಿ ತರುವ ಅಂತಲೇ ಹೊರಟೆ. ಗಾಳಿಗೆ ದೋಣಿ ಇರಲಿಲ್ಲ.
ಅಷ್ಟರಲ್ಲಿ ಎದುರು ಮನೆಯ ಕೇಶವಣ್ಣನಿಗೆ ಲಕ್ವ ಹೊಡೆಯಿತು.
ಅವರು ಕೋಲು ಹಿಡಿದು ಎದ್ದ ಮೇಲೆ
ಕಸಬಾ ಬೆಂಗ್ರೆಯ ಬೀಪಾತುಮ್ಮನ ಸೊಂಟ.
ಅಲ್ಲಿಂದ, ಲಾಂಚಿನ ವಿಂಚಿಗೆ ಕಾಲು ಕೊಟ್ಟ ಒಡಿಶಾದ ಹುಡುಗ,
ಅವನ ಹೆಸರು ನಾಲಗೆಗೆ ಬರುವುದಿಲ್ಲ.
ಈಗ ಎಲ್ಲಿದೆಯೋ. ಕೇಳಿದರೆ ಹೇಳುತ್ತಾರೆ.
ಏಳು ಎಲ್ಲಿ ಅಂತ ಕೇಳಿ, ಸಾಕು."

ಕೇಳಿದೆ. ಮೂರು ಮನೆ, ಒಂದು ಚಹಾ, ಬಿಡದೆ ಬೊಗಳಿದ ಒಂದು ನಾಯಿ.
ಸಿಕ್ಕಿತು.
ಸೀಟಿನ ರೆಕ್ಸಿನ್ ಹರಿದಲ್ಲಿ
ಯಾರೋ ಬಲೆಯ ಹುರಿಯಿಂದ ಹೆಣೆದಿದ್ದರು,
ಹಸಿರು ಹುರಿ, ಒಂದು ಗಂಟೂ ಜಾರದ ಹಾಗೆ.
ಗಾಲಿಗೆ ಲಾಂಚಿನ ಗ್ರೀಸು.
ಟ್ರಸ್ಟಿನ ಹೆಸರು ಉಪ್ಪುಗಾಳಿಗೆ ಅಳಿಸಿಹೋಗಿದೆ,
ನಂಬರಿಗೆ ಮಾತ್ರ ಯಾರೋ ಮತ್ತೆ ಬಣ್ಣ ಹಚ್ಚಿದ್ದಾರೆ,
ದೋಣಿಗೆ ಹಚ್ಚಿ ಉಳಿದ ನೀಲಿ.
ಏಳಲಾರದವರು ಕೂರುವ ಕುರ್ಚಿಗೆ
ಊರಿಡೀ ಕರೆಯುವ ಹೆಸರು, ಏಳು.

ಕೂತಿದ್ದವಳು ಹತ್ತು ಹನ್ನೊಂದರ ಹುಡುಗಿ.
ಮಡಿಲಲ್ಲಿ ಲೆಕ್ಕದ ಪುಸ್ತಕ.
"ಇದು ನಿಮ್ಮದಾ?" ಎಂದಳು, ಮೆಲ್ಲಗೆ ಬ್ರೇಕು ಎಳೆದು.
ಅಲ್ಲ ಎಂದೆ.
ಸುಳ್ಳೇನಲ್ಲ. ಕಾಗದದ ಪ್ರಕಾರ ಟ್ರಸ್ಟಿನದು.

ಸೋಮವಾರ ಪ್ರೀತೇಶನ ಫೋನು.
ಏಳಕ್ಕೆ ಷರಾ ಏನು ಹಾಕಲಿ ಮೇಡಂ?
ಬ್ಯಾಂಕಿನ ಹಳೆಯ ಅಕ್ಷರದಲ್ಲಿ ನಾನಾಗಲೇ ಬರೆದಿದ್ದೆ:
ಚಾಲ್ತಿ.
ಅಂದರೆ ಎಷ್ಟು ಜನ? ಅವನು ಕೇಳುತ್ತಲೇ ಇದ್ದ.

ಬಾಗಿಲಲ್ಲಿ ಯಾರೋ ನಮ್ಮ ವಾಕರು ತಂದು ನಿಂತಿದ್ದರು.
ಅಭ್ಯಾಸದಂತೆ ಕೈ ನೋಡಿದೆ.
ಎರಡೂ ಕೈ ವಾಕರಿನ ಮೇಲಿದ್ದವು.