ತಣ್ಣನೆಯ ನಳಿಗೆ

ಐರಿ ಕುಟ್ಟಪ್ಪ ಕೋವಿಯನ್ನು ಮೊದಲು ಮೂಸಿ ನೋಡಿದ,
ಹಲಸಿನ ಹಣ್ಣು ಕೊಳ್ಳುವವನ ಹಾಗೆ.
ಆಮೇಲೆ ಬೋಲ್ಟು ಎಳೆದು, ಬಿಟ್ಟು, ಇನ್ನೊಮ್ಮೆ ಎಳೆದು
"ಸೆಮಿ ಆಟೊಮ್ಯಾಟಿಕ್" ಎಂದ,
ಓಡಿಹೋಗಿ ಕಟ್ಟಿಕೊಂಡ ಅಳಿಯನ ಹೆಸರು ಹೇಳುವ ದನಿಯಲ್ಲಿ.

ಪಾಲಿಬೆಟ್ಟದ ಮುದ್ದಯ್ಯ ಮಾರುವಾಗ ಹೇಳಿದ್ದು ನನಗೆ ಬಾಯಿಪಾಠ:
ಕಣ್ಣು ಮುಚ್ಚಿ ಹೊಡೆದರೂ ಕಣ್ಣಿಗೇ ಬೀಳುತ್ತೆ,
ಒಂದು ತಪ್ಪಿದರೆ ಬೆರಳು ಸಡಿಲಿಸುವಷ್ಟರಲ್ಲಿ ಇನ್ನೊಂದು.
ಕೈಲ್‌ಪೊಳ್ದ್‌ಗೆ ಹನ್ನೆರಡು ದಿನ.
ಅಮ್ಮತ್ತಿ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ
ಹೆಂಗಸರ ಪಟ್ಟಿಯಲ್ಲಿ ನನ್ನ ಹೆಸರು ಮೂರನೆಯದು.

"ಜಿಂಕೆಗೆ ಸಾಕಾ ಕುಟ್ಟಪ್ಪಣ್ಣ?"
ಇಲ್ಲಿ ಹಾಗೇ ಕೇಳುವುದು.
ಕಾಡಿಗೆ ಕಾನೂನು ಬಂದದ್ದು ನಾನು ಹುಟ್ಟುವ ಮೊದಲು,
ಜಿಂಕೆ ಮುಟ್ಟಿದರೆ ಜೈಲು.
ಆದರೂ, ಎಕರೆ ಬಂದ ಮೇಲೂ ಗದ್ದೆಯನ್ನು ಬಟ್ಟಿಯಲ್ಲೇ ಹೇಳುವಂತೆ,
ಕೋವಿಯ ಅಳತೆಗೆ ಇನ್ನೂ ಜಿಂಕೆಯೇ ಬಂದು ನಿಲ್ಲಬೇಕು.

ಅವನು ಒಳಗೆ ಹೋಗಿ ಹೆಂಡತಿಯ ಪುಟ್ಟು ತಟ್ಟೆ ತಂದ.
ಸಹಕಾರ ಬ್ಯಾಂಕಿನ ಕ್ಯಾಲೆಂಡರು ಮಗುಚಿ,
ತಟ್ಟೆ ಬೋರಲಿಟ್ಟು, ಇದ್ದಿಲಿನಲ್ಲಿ ಸುತ್ತ ಗೀರಿದ.
"ಇಷ್ಟೇ ಜಿಂಕೆ. ಮುಂಗಾಲಿನ ಹಿಂದೆ, ಇಷ್ಟಗಲ.
ಮಿಕ್ಕ ಮೈಯೆಲ್ಲ
ಹೊಳೆ ದಾಟಿ ಎರಡು ದಿನ ನರಳುವ ಜಾಗ."

ಹಳೇ ಕಲ್ಲುಕೋರೆ. ನೂರು ಹೆಜ್ಜೆ.
ಕಾಫಿ ಹೊಟ್ಟಿನ ಚೀಲದ ಮೇಲೆ ನಳಿಗೆ ಒರಗಿಸಿ
ಒಂದು ಹಾರಿಸಿದೆ. ತಟ್ಟೆಯೊಳಗೆ.
ಎರಡನೆಯದಕ್ಕೆ ಬೆರಳು ತಾನಾಗಿ ಬಾಗುತ್ತಿತ್ತು,
ಅವನ ಅಂಗೈ ನನ್ನ ಮುಂಗೈ ಮೇಲೆ ಬಿತ್ತು.
"ನಾಳೆ."

"ಬಿಸಿ ನಳಿಗೆ ಏನು ಬೇಕಾದರೂ ಹೇಳುತ್ತೆ, ಕುಡಿದವನ ಹಾಗೆ.
ಬೆಳಿಗ್ಗೆ ತಣ್ಣಗಿರುವಾಗ ಮೊದಲ ಗುಂಡು ಎಲ್ಲಿ ಹೋಗುತ್ತೋ
ಅದು ಕೋವಿ.
ಆಮೇಲಿನದೆಲ್ಲ ಸದ್ದು."

ಹಾಗೆ ದಿನಕ್ಕೊಂದು ಗುಂಡು.
ಎರಡನೇ ಬೆಳಿಗ್ಗೆ ಮಂಜು; ಕಾಗದ ಕಾಣಲು ಏಳೂವರೆವರೆಗೆ ಕಾದೆವು,
ಫ್ಲಾಸ್ಕಿನ ಕಾಫಿಗೆ ಅವನು ಕರಿಮೆಣಸು ಹಾಕಿದ್ದ.
ಮೂರನೆಯದು ಮೊದಲಿನದರ ಪಕ್ಕ, ಒಂದು ಬೆರಳು ಅಂತರ.
ನನಗೆ ಜಂಬ ಬಂತು. ಮುದ್ದಯ್ಯನಿಗೆ ಮನಸ್ಸಿನಲ್ಲೇ
ಹತ್ತು ಸಾವಿರ ಹೆಚ್ಚು ಕೊಟ್ಟೆ.

ನಾಲ್ಕನೇ ದಿನ, ಕಾಗದದ ಎಡಕ್ಕೆ,
ಲಂಟಾನದಿಂದ ಒಂದು ಕಾಡುಕುರಿ ಹೊರಗೆ ಬಂತು.
ಸಣ್ಣದು. ಇಬ್ಬನಿಗೆ ಹೊಟ್ಟೆ ಒದ್ದೆ.
ಒಂದು ಕಿವಿ ನಮ್ಮ ಕಡೆ, ಒಂದು ಕಿವಿ ಬೇರೆ ಯಾವುದೋ ಊರಿನ ಕಡೆ.
ಹೊಡೆಯುವವಳಲ್ಲ ನಾನು. ಆದರೆ ನಳಿಗೆ ತಿರುಗಿತು.
ತಿರುಗಿಸಿದವಳು ನಾನೇ.
ಗುರಿಕಾಯಿಯ ತುದಿ ಅದರ ಭುಜದಿಂದ ಬೆನ್ನಿಗೆ, ಬೆನ್ನಿನಿಂದ ಹೊಟ್ಟೆಗೆ,
ಹೊಟ್ಟೆಯಿಂದ ಹುಲ್ಲಿಗೆ
ಬಿಕ್ಕಳಿಕೆ ಬಂದವರ ತಟ್ಟೆಯ ತುತ್ತಿನಂತೆ ಅಲೆಯಿತು.
ಕಾಗದದ ಮುಂದೆ ನನಗೆ ಎದೆ ಇದ್ದದ್ದೇ ಗೊತ್ತಾಗಿರಲಿಲ್ಲ.

ಅದು ನಾಯಿಯಂತೆ ಒಮ್ಮೆ ಬೊಗಳಿ ಹೋಯಿತು.

ಕುಟ್ಟಪ್ಪ ಏನೂ ಅನ್ನದೆ ನೂರು ಹೆಜ್ಜೆ ನಡೆದು,
ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು,
ಇದ್ದಿಲಿನ ಗೆರೆಯಾಚೆ, ಕೆಳಗೆ, ಒಂದು ಚುಕ್ಕೆ ಇಟ್ಟ.
"ಇವತ್ತಿನದು ಇಲ್ಲಿ."
"ಹೊಡೆದೇ ಇಲ್ಲವಲ್ಲ!"
"ಅದಕ್ಕೇ ಪೆನ್ಸಿಲ್."

ಐದನೆಯ ಬೆಳಿಗ್ಗೆ ಗುಂಡು ಮತ್ತೆ ತಟ್ಟೆಯೊಳಗೇ ಬಿತ್ತು.
ಕೋವಿಗೆ ಯಾವ ಕೊರತೆಯೂ ಇರಲಿಲ್ಲ.
ಅವನು ನಳಿಗೆಗೆ ಎಣ್ಣೆ ಬಟ್ಟೆ ತೂರಿಸಿ ಎಳೆದ,
ಮುನ್ನೂರು ರೂಪಾಯಿ ತೆಗೆದುಕೊಂಡ,
ತಟ್ಟೆ ಕಪ್ಪಾದದ್ದಕ್ಕೆ ಹೆಂಡತಿ ಬೈದದ್ದನ್ನು ಹೇಳಿದ.
"ತೆಂಗಿನಕಾಯಿಗೆ ಧಾರಾಳ ಸಾಕು," ಎಂದ,
"ಅದು ತಿರುಗಿ ನೋಡುವುದಿಲ್ಲ."

ಕಾಗದವನ್ನು ಮಡಚಿ ಕೋವಿಯ ಪುಸ್ತಕದೊಳಗೆ ಇಟ್ಟಿದ್ದೇನೆ.
ನಾಲ್ಕು ತೂತುಗಳಲ್ಲಿ ಬೆಳಕು ಬರುತ್ತದೆ.
ಆ ಚುಕ್ಕೆಯನ್ನು
ರಬ್ಬರಿನಿಂದ ಅಳಿಸಬಹುದಿತ್ತು.