ಜುಲೈ ತಿಂಗಳ ಹಿಸುಕಿದ ಬೇಳೆ

ಪುಷ್ಯದ ಚಳಿಗೆ ಬರಬೇಕಾದ್ದು
ಇಲ್ಲಿ ಜುಲೈಗೆ ಬರುತ್ತದೆ,
ಅದೂ ಬೇರೆ ಹೆಸರಲ್ಲಿ: ಬ್ರಾಡ್ ಬೀನ್ಸ್.
ವೇಕ್‌ಫೀಲ್ಡಿನ ನಮ್ಮ ಬೀದಿಯ ಕೊನೆಗೆ
ರೈಲುಹಳಿಯ ಪಕ್ಕ ಕೌನ್ಸಿಲಿನವರ ತೋಟದ ತುಂಡುಗಳು;
ಹದಿನೇಳನೇ ತುಂಡು ಕ್ಲಿಫನದು.
ನೈಟ್ ಶಿಫ್ಟ್ ಮುಗಿಸಿ ಬಂದರೆ
ಬಾಗಿಲ ಮುಂದೆ ಒಂದು ಚೀಲ,
ಚೀಲದ ಬಾಯಿಗೆ ಹಸಿರು ಹುರಿ, ಎರಡು ಗಂಟು.
ಚೀಟಿಯಿಲ್ಲ. ಗಂಟೇ ಸಹಿ.

ಬಿಡಿಸಿದರೆ ಒಳಗೆ ಬಿಳಿ ಹತ್ತಿಯ ಹಾಸಿಗೆ,
ಹಾಸಿಗೆಯಲ್ಲಿ ಐದೇ ಐದು ಕಾಳು,
ಮೈಮೇಲೆ ಇನ್ನೂ ಒಂದೊಂದು ಅಂಗಿ.
ಇಷ್ಟು ದೊಡ್ಡ ಮನೆ, ಇಷ್ಟೇ ಸಂಸಾರ!
ಅವರೆಯಾದರೆ ಇಕ್ಕಟ್ಟಿನಲ್ಲೇ ಬಾಳಿಬಿಡುತ್ತದೆ.

ಮೂಗಿಗೆ ಹಿಡಿದೆ.
ಹಸಿರಿನ ವಾಸನೆ ಇದೆ, ಮಳೆಯದೂ ಇದೆ.
ಸೊಗಡು ಇಲ್ಲ.

ಸೊಗಡು ಅಂದರೇನು ಅಂತ ಲ್ಯಾಬಿನಲ್ಲಿ ಒಮ್ಮೆ
ಆಗ್ನೆಷ್ಕಾಗೆ ಹೇಳಲು ಹೋಗಿ ಸೋತಿದ್ದೆ.
ಎಣ್ಣೆಯೂ ಅಲ್ಲ, ಹೂವೂ ಅಲ್ಲ,
ಬೆರಳಿಗೆ ಹತ್ತಿದರೆ ಮೂರು ದಿನ ಸೋಪಿಗೆ ಬಗ್ಗದ್ದು,
ಬಸ್ಸಿನಲ್ಲಿ ಪಕ್ಕದವರು ತಿರುಗಿ
"ಸೇರು ಎಷ್ಟಕ್ಕೆ ತಂದ್ರಿ?" ಅಂತ ಕೇಳುವಂಥದ್ದು.
ಅವಳು ಮೈಕ್ರೋಸ್ಕೋಪಿನಿಂದ ತಲೆಯೆತ್ತದೆ
"ಸೋಂಕಾ?" ಅಂದಳು.

ಸಾಕಮ್ಮತ್ತೆ ಇದ್ದಿದ್ದರೆ ಚೀಲವನ್ನು ಕಾಲಲ್ಲೇ ತಳ್ಳುತ್ತಿದ್ದಳು.
ಮಾಗಡಿ ರಸ್ತೆಯಲ್ಲಿ ಗೋಣಿ ಹಾಸಿ ಕೂತು
ಗಿರಾಕಿಯ ಕೈ ನೋಡದೆ ಮೂಗು ನೋಡಿ
ಬೆಲೆ ಹೇಳುತ್ತಿದ್ದವಳು.
"ಸೊಗಡಿಲ್ಲದ ಅವರೆ, ನಾಚಿಕೆಯಿಲ್ಲದ ನೆಂಟ,
ಎರಡೂ ಮನೆಗೆ ದಂಡ."

ಆದರೂ ಒಲೆ ಹಚ್ಚಿದೆ.
ಕುದಿನೀರಲ್ಲಿ ಎರಡು ನಿಮಿಷ, ತಣ್ಣೀರಲ್ಲಿ ಒಂದು ಮುಳುಗು,
ಹೆಬ್ಬೆರಳು ತೋರುಬೆರಳ ನಡುವೆ ಒಂದು ಒತ್ತು.
ಪುಳಕ್ಕನೆ ಜಾರಿತು,
ಬೋಗುಣಿಗೆ ಬೀಳದೆ ಗೋಡೆಗೆ ಬಡಿದು
ಕೆಟಲಿನ ಹಿಂದೆಲ್ಲೋ ಅಡಗಿತು.
ಇರಲಿ. ಬೆರಳಿಗೆ ಮರೆವಿಲ್ಲ.

ಹತ್ತು ಗಂಟೆಗೆ ಕ್ಲಿಫ್ ಬಂದ. ಹುರಿ ವಾಪಸ್ ಬೇಕಿತ್ತು.
ಎಪ್ಪತ್ತೊಂಬತ್ತು ವರ್ಷ, ಬೂಟು ಬಾಗಿಲಾಚೆ,
ಕಾಲುಚೀಲದಲ್ಲಿ ಹೆಬ್ಬೆರಳಿಗೊಂದು ಕಿಟಕಿ.
ಮೇಜಿನ ಮೇಲಿನ ಎರಡು ಗುಡ್ಡೆ ನೋಡಿದ,
ಬೂದು ಸಿಪ್ಪೆಯದೊಂದು, ಎಳೆಹಸಿರಿನದೊಂದು.
ಬಹಳ ಹೊತ್ತು ನೋಡಿದ.
"ಅದನ್ನ ತೆಗೀಬಹುದಾ?"

ಡೊರೀನ್ ಐವತ್ತೆರಡು ವರ್ಷ
ಅಂಗಿ ಸಮೇತ ಬೇಯಿಸಿ, ಬಿಳಿ ಸಾಸ್ ಸುರಿದು ಬಡಿಸಿದಳಂತೆ.
ಒಂದು ದಿನವೂ ಅವನಿಗೆ ಸೇರಲಿಲ್ಲವಂತೆ.
ಒಂದು ದಿನವೂ ಬಾಯಿ ಬಿಡಲಿಲ್ಲವಂತೆ.
ವರ್ಷಾ ವರ್ಷಾ ಇನ್ನೊಂದು ಸಾಲು ಹೆಚ್ಚಿಗೆ ಬಿತ್ತಿದನಂತೆ,
ಅವಳಿಗೆ ಇಷ್ಟ ಅಂತ.

ಕುರ್ಚಿ ಎಳೆದುಕೊಟ್ಟೆ.
ದಪ್ಪ ಬೆರಳು, ಉಗುರಲ್ಲಿ ಮಣ್ಣು,
ಮೊದಲ ಹತ್ತು ಕಾಳು ಜಜ್ಜಿದ.
ಹನ್ನೊಂದನೆಯದು ಹಾರಿತು.
ಅದು ಬಿದ್ದ ಜಾಗವನ್ನೇ ನೋಡುತ್ತ ಕೂತ.

ಉಳಿದದ್ದು ದೊಡ್ಡ ಅಡುಗೆಯೇನಲ್ಲ:
ಫ್ರೀಜರಿನ ಕಾಯಿತುರಿ, ದನಿಯ, ಚೂರು ಚಕ್ಕೆ,
ಅವನದೇ ಪಾತಿಯ ಎಳೆ ಈರುಳ್ಳಿ,
ಕಿಟಕಿಯ ಡಬ್ಬದಲ್ಲಿ ಬೆಳೆದ ನನ್ನ ಸಬ್ಬಸಿಗೆ ಎರಡೆಳೆ.
ಸಾಸಿವೆ ಸಿಡಿದಾಗ ಸುಮ್ಮನಿದ್ದ;
ಇಂಗು ಬಿದ್ದಾಗ ಮಾತ್ರ
ಮರ್ಯಾದೆಯಿಂದ ಕಿಟಕಿಯ ಕಡೆ ನೋಡಿದ.

ಬಿಸಿ ಅನ್ನ, ಅದರ ಮೇಲೆ ಸಾರು.
ಮುದ್ದೆಗೆ ರಾಗಿಹಿಟ್ಟು ಮುಗಿದಿತ್ತು.
ಎರಡನೇ ಸಲ ತಾನೇ ಬಡಿಸಿಕೊಂಡ.
ಮೂರನೇ ಸಲ ಚಮಚ ಅರ್ಧದಲ್ಲೇ ನಿಲ್ಲಿಸಿ
"ಅವಳಿಗೂ ಸೇರ್ತಿರಲಿಲ್ಲವೇನೋ," ಅಂದ.

ಗಡಿಯಾರಕ್ಕೆ ಮಾತಾಡಲು ಬಿಟ್ಟೆವು.

ಸಿಪ್ಪೆಯೆಲ್ಲ ಗೊಬ್ಬರಕ್ಕೆಂದು ಚೀಲಕ್ಕೆ ತುಂಬಿ,
ಅದೇ ಹುರಿ, ಅದೇ ಎರಡು ಗಂಟು,
ಬೂಟು ಹಾಕಿಕೊಂಡು ಹೋದ.

ಸಂಜೆ ಎದ್ದು ಟೀಗೆ ನೀರಿಡುವಾಗ
ಕೆಟಲಿನ ಹಿಂದೆ ಸಿಕ್ಕಿತು ಬೆಳಗಿನ ಕಾಳು,
ಒಂದಿಷ್ಟು ಸುಕ್ಕುಗಟ್ಟಿ.
ಮೂಗಿಗೆ ಹಿಡಿಯಲಿಲ್ಲ.
ಬಾಯಿಗೆ ಹಾಕಿಕೊಂಡೆ.