ಇತರೆ, ವಿವರಿಸಿ

ಪೆನ್ಷನ್ ಮೊಹಲ್ಲಾದಲ್ಲಿ ಪೆನ್ಷನ್ ಬರುವವರು ಎಷ್ಟು ಮಂದಿ
ಎಂಬ ಕಾಲಮ್ಮು ನನ್ನ ಫಾರಮ್ಮಿನಲ್ಲಿಲ್ಲ.
ಹದಿನಾರು ಪುಟ, ತೊಂಬತ್ತೆರಡು ಪ್ರಶ್ನೆ.
ಭರ್ತಿಯಾದರೆ ಒಂದಕ್ಕೆ ನೂರೈವತ್ತು ರೂಪಾಯಿ,
ಅರ್ಧಕ್ಕೆ ನಿಂತರೆ ಏನೂ ಇಲ್ಲ.

ಜವರಮ್ಮನ ಮನೆ ಆಟೋ ಗ್ಯಾರೇಜಿನ ಹಿಂದೆ,
ಕಬ್ಬಿಣದ ಮೆಟ್ಟಿಲು ಹತ್ತಿ ಎಡಕ್ಕೆ.
ದೊಡ್ಡಾಸ್ಪತ್ರೆಯಲ್ಲಿ ರಾತ್ರಿಯಿಡೀ ನೆಲ ಒರೆಸಿ
ಆಗಷ್ಟೇ ಬಂದು ಕೂತಿದ್ದಳು,
ಸೆರಗಿಗಿನ್ನೂ ಫಿನೈಲು ವಾಸನೆ.
"ಬರ್ಕೊ ಮಗ, ಬಿರ್ರನೆ ಬರ್ಕೊ, ನಲ್ಲಿ ಬರೋ ಹೊತ್ತು."

ಪ್ರಶ್ನೆ ಹನ್ನೊಂದು: ಮನೆಯ ಒಡೆತನ.
ಸ್ವಂತ, ಬಾಡಿಗೆ, ಭೋಗ್ಯ, ಇತರೆ (ವಿವರಿಸಿ).
"ಭೋಗ್ಯ ಮೂರು ಲಕ್ಷ ಇದ್ದೋರಿಗೆ.
ನಮ್ದು ಮನೆ ಅವರ್ದು, ಬೀಗ ನಂದು."
ಹಿತ್ತಾಳೆ ಬೀಗ, ಏಳು ಬಾಗಿಲು ಕಂಡದ್ದು,
ಯಾವ ಚಿಲಕಕ್ಕಾದರೂ ಅವಳಿಗಿಂತ ಬೇಗ ಒಗ್ಗುತ್ತದೆ.
ನಾನು 'ಬಾಡಿಗೆ'ಗೆ ಟಿಕ್ ಹಾಕಿದೆ.

ಹತ್ತು ವರ್ಷದಲ್ಲಿ ಎಷ್ಟು ಮನೆ ಬದಲಿಸಿದ್ದೀರಿ?
ಇಸವಿ ಹಿಡಿದು ಎಣಿಸಲಿಲ್ಲ ಅವಳು.
ಮಗಳು ದೊಡ್ಡವಳಾದ ಮನೆ.
ಬಚ್ಚಲಿಗೆ ಬಾಗಿಲಿಲ್ಲದ ಮನೆ.
ಓನರಮ್ಮ ತೊಟ್ಟಿ ನೀರು ಮುಟ್ಟಬೇಡ ಅಂದ ಮನೆ,
ಅಲ್ಲಿ ತಡೆದು, "ಅದ ಬರ್ಕೋಬ್ಯಾಡ."
ಮಗನ ಮದುವೆ ಅಂತ ಆರೇ ತಿಂಗಳಿಗೆ ಖಾಲಿ ಮಾಡಿಸಿದ ಮನೆ.
ಆ ಮಗನಿಗೆ ಇವತ್ತಿಗೂ ಮದುವೆಯಾಗಿಲ್ಲ.
ಅಂಕಿಯಲ್ಲಿ: ೭.

ಗೋಡೆಗೆ ಮೊಳೆ ಹೊಡೆಯುವಂತಿಲ್ಲ.
ಹಾಸನಾಂಬೆಯ ಪಟ ಅಕ್ಕಿ ಡಬ್ಬಿಗೊರಗಿ ನಿಂತಿದೆ,
ಅಕ್ಕಿ ತೆಗೆವಾಗಲೆಲ್ಲ ತಾಯಿಯನ್ನೆತ್ತಿ
ಚಾಪೆ ಮೇಲೆ ಒಂದು ಗಳಿಗೆ ಮಲಗಿಸಬೇಕು.
"ಆಯಮ್ಮ ವರ್ಷಕ್ಕೊಂದಪ ಬಾಗ್ಲು ತಗೀತಾಳೆ,
ಆದ್ರೂ ಖಾಲಿ ಮಾಡು ಅಂತ ಯಾರೂ ಅನ್ನಕಿಲ್ಲ ನೋಡು."

ಮೂವತ್ತನೆಯ ಪ್ರಶ್ನೆಗೆ ಪ್ಲಾಸ್ಟಿಕ್ ಕವರು ಬಿಚ್ಚಿದಳು.
ಗಂಡ ಸತ್ತದ್ದರ ದುಡ್ಡಿನ ಕಾಗದ
ಮೂರನೇ ಮನೆಗೆ ಹೋಗಿ ಹಿಂತಿರುಗಿದೆ,
'ವಿಳಾಸದಾರರು ಇಲ್ಲ' ಎಂಬ ಮೊಹರು ಹೊತ್ತು.
ಹೊಸ ವಿಳಾಸಕ್ಕೆ ಕರಾರು ಪತ್ರ ಬೇಕು.
ಕರಾರು ಮಾಡಿದರೆ ಕಂದಾಯ ಏರುತ್ತದೆ ಎಂದು ಓನರು.
ಈ ಮಾತು ನನಗೂ ಗೊತ್ತು,
ನನ್ನ ರೂಮಿನ ಓನರೂ ಇದನ್ನೇ ಹೇಳಿದ್ದು.

ಕೊನೆಗೆ, ತರಬೇತಿಯಲ್ಲಿ ಕಲಿಸಿದಂತೆ, ನಿಧಾನವಾಗಿ ಓದಿದೆ:
ನಿಮ್ಮ ಹೆಸರು, ವಿಳಾಸ ಗೋಪ್ಯವಾಗಿಡಲಾಗುವುದು,
ಐದು ವರ್ಷದ ಬಳಿಕ ನಾಶಪಡಿಸಲಾಗುವುದು.
ಅವಳು ಫಾರಮ್ಮು ಇಸಕೊಂಡು
ಅಕ್ಷರಕ್ಕಕ್ಷರ ಬೆರಳಿಟ್ಟಳು.
ಜವರಮ್ಮ ಕೋಂ ಲೇಟ್ ತಿಮ್ಮಯ್ಯ.
ಬಾಗಿಲು ನಂಬರು. ಅಡ್ಡರಸ್ತೆ. ಮೇಲೆ ವಿಶ್ವವಿದ್ಯಾಲಯದ ಸೀಲು.
"ನನ್ನೆಸ್ರೂ ಈ ಬಾಗ್ಲ ನಂಬ್ರೂ
ಒಂದೇ ಹಾಳೇಲಿ ಕಂಡಿದ್ದು ಇದೇ ಮೊದ್ಲು ಕಣವ್ವ.
ತಾಲ್ಲೂಕಾಫೀಸಿಗೆ ಇದ್ನೇ ಕೊಟ್ರೆ ನಡೀತದಾ?"

ಎರಡು ದಿನದ ತರಬೇತಿ, ಮಧ್ಯಾಹ್ನ ಪಲಾವು.
ಇದಕ್ಕೆ ಏನು ಹೇಳಬೇಕೆಂದು ಯಾರೂ ಹೇಳಿರಲಿಲ್ಲ.

ಹೇಮಗಂಗೋತ್ರಿಯ ಗುಡ್ಡದ ಮೇಲೆ, ಗೈಡಿನ ಕೋಣೆಯ
ಉಕ್ಕಿನ ಬೀರುವಿನಲ್ಲಿ ನೂರನಲವತ್ಮೂರನೇ ಫಾರಮ್ಮು.
ಭದ್ರವಾಗಿದೆ.
ವಸತಿ ಅಭದ್ರತೆ ಕುರಿತ ಅಧ್ಯಾಯದಲ್ಲಿ ಅವಳು
ಸುಂದರಮ್ಮ, ಹೆಸರು ಬದಲಿಸಲಾಗಿದೆ.
ಕೋಷ್ಟಕ ನಾಲ್ಕರಲ್ಲಿ ಬಾಡಿಗೆ ಇನ್ನೂರ ಹನ್ನೆರಡು,
'ಇತರೆ' ಎಂಬ ಸಾಲಿಗೆ ಸೊನ್ನೆ.

ಸರ್ ಊಟಕ್ಕೆ ಹೋದಾಗ ಬೀಗದ ಕೈ ಮೇಜಿನ ಮೇಲಿತ್ತು.
ಜೆರಾಕ್ಸಿಗೆ ಪುಟಕ್ಕೆರಡರಂತೆ ಮೂವತ್ತೆರಡು ರೂಪಾಯಿ.
ಭಾನುವಾರ ಮೆಟ್ಟಿಲು ಹತ್ತಿದೆ.
"ಆಯಮ್ಮನಾ? ಹೋದ್ರಲ್ಲ," ಗ್ಯಾರೇಜಿನ ಹುಡುಗ
ಚಕ್ರದಿಂದ ತಲೆಯೆತ್ತದೆ, "ಹೊಸ ಅಡ್ರೆಸ್ ಕೊಟ್ಟಿಲ್ಲ."

ಬಾಗಿಲಲ್ಲಿ ಹೊಳೆಯುವ ಬೇರೆ ಬೀಗ.
ಅಲ್ಲೇ ಕೂತೆ.
ಏಳನ್ನು ಎಂಟು ಮಾಡಿದೆ.
ಹನ್ನೊಂದನೇ ಪ್ರಶ್ನೆಯ ಟಿಕ್ಕಿಗೆ ಗೆರೆ ಎಳೆದು
'ಇತರೆ'ಯ ಮುಂದೆ, ಬಿಟ್ಟಿರುವ ಒಂದೇ ಸಾಲು ಜಾಗದಲ್ಲಿ
ಬೀಗ ಅವರದು, ಎಂದು ಬರೆದೆ
ಪೆನ್ಸಿಲ್ಲಿನಲ್ಲಿ.